ಅನುಮಾನದ ಅಂಕಣ

2016ನೆಯ ಇಸವಿ, ದಶಲಕ್ಷಣ ಪರ್ವ ಮುಗಿದು ಇನ್ನೂ ಒಂದು ವಾರ ಕಳೆದಿರಲಿಲ್ಲ. ಉತ್ತರ ಕರ್ನಾಟಕದ ಒಂದು ಪಟ್ಟಣದ ಬಸದಿಯಲ್ಲಿ ಬೆಳಗಿನ ಅಭಿಷೇಕಕ್ಕೆಂದು ಬಾಗಿಲು ತೆರೆದ ಪುರೋಹಿತರಿಗೆ ಮೂಲನಾಯಕನ ಹಿಂದಿದ್ದ ಬೆಳ್ಳಿಯ ಪ್ರಭಾವಳಿ ಕಾಣಲಿಲ್ಲ. ಎರಡು ಸಣ್ಣ ಪಂಚಲೋಹದ ಬಿಂಬಗಳೂ ಕಾಣಿಕೆ ಪೆಟ್ಟಿಗೆಯ ಹಣವೂ ಹೋಗಿದ್ದವು. ಹಿಂಬಾಗಿಲಿನ ಬೀಗ ಒಡೆದಿರಲಿಲ್ಲ, ತೆರೆದಿತ್ತು. ಟ್ರಸ್ಟಿನ ಅಧ್ಯಕ್ಷರು ಪರಊರಿಗೆ ಹೋಗಿದ್ದುದರಿಂದ ಠಾಣೆಗೆ ಹೋಗಿ ದೂರು ಕೊಡುವ ಹೊಣೆ ಖಜಾಂಚಿಯ ಮೇಲೆ ಬಿತ್ತು. ಅವರು ಬಟ್ಟೆಯ ಸಗಟು ವ್ಯಾಪಾರಿ, ಅರವತ್ತರ ಸಮೀಪದ ಗೃಹಸ್ಥರು. ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ರೆ ಮಾಡದವರು.

ಠಾಣೆಯ ಅಧಿಕಾರಿ ದೂರನ್ನು ಬರೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿದರು. ಯಾರ ಮೇಲಾದರೂ ಅನುಮಾನವಿದೆಯೆ? ಖಜಾಂಚಿಯವರು ಇಲ್ಲವೆಂದರು. ಹಾಗಾದರೆ ಕೀಲಿಕೈ ಯಾರ ಯಾರ ಹತ್ತಿರ ಇರುತ್ತದೆ ಎಂದು ಅಧಿಕಾರಿ ಕೇಳಿದರು. ಇದಕ್ಕೆ ಉತ್ತರ ಹೇಳದಿರಲು ಕಾರಣವಿರಲಿಲ್ಲ. ಪುರೋಹಿತರು, ತಾವು ಮತ್ತು ರಾತ್ರಿಯ ಕಾವಲುಗಾರ ಎಂದು ಮೂರು ಹೆಸರು ಹೇಳಿದರು. ಮೂರನೆಯ ಹೆಸರಿನ ಕೆಳಗೆ ಮಾತ್ರ ಗೆರೆ ಬಿತ್ತು. ಖಜಾಂಚಿಯವರು ಅದನ್ನು ನೋಡಿದರು, ಸುಮ್ಮನಿದ್ದರು.

ಕಾವಲುಗಾರನನ್ನು ಅಂದೇ ಮಧ್ಯಾಹ್ನ ಕರೆದೊಯ್ದರು. ನಾಲ್ಕು ದಿನ ಅವನು ಮನೆಗೆ ಬರಲಿಲ್ಲ. ಬಂಧಿಸಿದವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆದರೆ ಅವನನ್ನು ಬಂಧಿಸಿರಲೇ ಇಲ್ಲ, ಕಾಗದದ ಮೇಲೆ. ವಿಚಾರಣೆಗೆಂದು ಕರೆಸಿದ್ದರು, ಅಷ್ಟೆ. ಐದನೆಯ ದಿನ ಅವನು ಹಿಂದಿರುಗಿದಾಗ ಎಡಗಾಲನ್ನು ಎಳೆದು ನಡೆಯುತ್ತಿದ್ದನು, ಅಂಗಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಖಜಾಂಚಿಯವರು ಅವನ ಮನೆಗೆ ಹೋದರು. ಅವನು ಮಲಗಿದ್ದಲ್ಲಿಂದ ಏಳಲು ಯತ್ನಿಸಿ ಕೇಳಿದ್ದು ಒಂದೇ ಮಾತು.

"ಅಣ್ಣಾರ, ನನ್ನ ಹೆಸರು ನೀವ ಕೊಟ್ಟಿರಂತ. ಹೌದೇನ್ರಿ?"

"ಕೀಲಿ ಯಾರ ಹತ್ರ ಇರತಾವ ಅಂತ ಕೇಳಿದ್ರಪಾ. ಮೂರೂ ಮಂದಿ ಹೆಸರು ಹೇಳೀನಿ."

"ಮೂರೂ ಮಂದೀನ್ನ ಕರಕೊಂಡು ಹೋಗಲಿಲ್ರಿ."

ಇದಕ್ಕೆ ಖಜಾಂಚಿಯವರಲ್ಲಿ ಉತ್ತರವಿರಲಿಲ್ಲ.

ಆ ನಾಲ್ಕು ದಿನಗಳ ನಡುವೆ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂದಿತ್ತು. 'ಬಸದಿ ಕಳವು: ಕಾವಲುಗಾರನೇ ಕಳ್ಳ?' ಎಂಬ ಶೀರ್ಷಿಕೆ, ಅವನ ಹೆಸರು, ಓಣಿಯ ಹೆಸರು. ಕೊನೆಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಓಣಿಯಲ್ಲಿ ಯಾರೂ ಓದಲಿಲ್ಲ. ಸುಮಾರು ಐದು ತಿಂಗಳ ಅನಂತರ ನೆರೆಯ ರಾಜ್ಯದಲ್ಲಿ ದೇವಾಲಯಗಳನ್ನು ದೋಚುತ್ತಿದ್ದ ಒಂದು ತಂಡ ಸಿಕ್ಕಿಬಿತ್ತು, ಅವರಲ್ಲಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಪ್ರಭಾವಳಿಯ ಎರಡು ತುಂಡುಗಳೂ ಇದ್ದವು. ನಕಲಿ ಕೀಲಿಯಿಂದ ಬೀಗ ತೆಗೆಯುವುದು ಆ ತಂಡದ ಪದ್ಧತಿಯಾಗಿತ್ತು. ಅದೇ ಪತ್ರಿಕೆ ಅಂತರರಾಜ್ಯ ಕಳ್ಳರ ಬಂಧನವೆಂದು ಪೊಲೀಸರನ್ನು ಶ್ಲಾಘಿಸಿ ಬರೆಯಿತು. ಕಾವಲುಗಾರನ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಖಜಾಂಚಿಯವರು ಪತ್ರಿಕಾ ಕಚೇರಿಗೆ ಹೋಗಿ ವಿಚಾರಿಸಿದರು. ಅಲ್ಲಿದ್ದ ಯುವಕ ಸಭ್ಯನೇ. ಸಂಜೆ ಠಾಣೆಯಿಂದ ಬರುವ ಪ್ರಕಟಣೆಯನ್ನು ನೋಡಿ ಬರೆಯುವುದು, ದಿನಕ್ಕೆ ಹತ್ತು ಹನ್ನೆರಡು ಸುದ್ದಿ ಮುಗಿಸುವುದು ತನ್ನ ಕೆಲಸವೆಂದನು. ಬಿಡುಗಡೆಯಾದವರ ಪ್ರಕಟಣೆಯನ್ನು ಯಾವ ಠಾಣೆಯೂ ಕಳಿಸುವುದಿಲ್ಲವೆಂದನು. ಅವನು ಹೇಳಿದ್ದು ನಿಜವೇ ಆಗಿತ್ತು.

ಅಂದಿನಿಂದ ಖಜಾಂಚಿಯವರು ಒಂದು ಅಭ್ಯಾಸವನ್ನು ಹಿಡಿದರು. ಅಂಗಡಿಯ ಹಳೆಯ ಜಮಾಖರ್ಚಿನ ಪುಸ್ತಕವೊಂದರಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ, ಮನೆಗೆ ಬರುವ ಎರಡು ದಿನಪತ್ರಿಕೆಗಳ ಪೊಲೀಸ್ ಸುದ್ದಿಗಳನ್ನು ಬರೆದಿಡತೊಡಗಿದರು. ಎಡಪುಟದಲ್ಲಿ ಹಿಡಿದದ್ದು, ಬಲಪುಟದಲ್ಲಿ ಹಿಡಿದವರ ಗತಿ ಏನಾಯಿತೆಂಬುದು. ಎಡಪುಟಗಳು ಬೇಗ ತುಂಬಿದವು. ಬಲಪುಟಗಳು ಬಹುತೇಕ ಬೆಳ್ಳಗೆ ಉಳಿದವು. ಮೂವತ್ತೈದು ವರ್ಷ ಲೆಕ್ಕ ಬರೆದವರಿಗೆ ಒಂದು ಬದಿ ಮಾತ್ರ ತುಂಬಿದ ಪುಸ್ತಕ ಎಂಥದೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಬರೆಯುತ್ತ ಬರೆಯುತ್ತ ಭಾಷೆಯ ಮೇಲೂ ಅವರ ಗಮನ ಹರಿಯಿತು. ವಾಚಕರು ಬೇಕಾದರೆ ನಾಳೆಯ ಪತ್ರಿಕೆಯನ್ನೇ ತೆರೆದು ನೋಡಬಹುದು. ಪೊಲೀಸರು ಆರೋಪಿಯನ್ನು 'ಹೆಡೆಮುರಿ ಕಟ್ಟಿದರು'. 'ಲಾಠಿ ರುಚಿ ತೋರಿಸಿದರು'. 'ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಬಾಯಿಬಿಟ್ಟನು'. ತೋಳುಗಳನ್ನು ಬೆನ್ನಿಗೆ ತಿರುಚಿ ಕಟ್ಟುವುದಕ್ಕೆ ಹೆಡೆಮುರಿ ಎಂದು ಹೆಸರು. ಅಂದರೆ ಕಾನೂನು ನಿಷೇಧಿಸಿದ ಕೃತ್ಯವೊಂದು ವರದಿಯಲ್ಲಿ ಬಹಿರಂಗವಾಗಿ, ಸ್ವಲ್ಪ ಹಾಸ್ಯದ ಲೇಪದೊಡನೆ, ಪ್ರತಿದಿನವೂ ಅಚ್ಚಾಗುತ್ತಿದೆ. ಓದುವವರು ಚಹ ಕುಡಿಯುತ್ತ ಓದುತ್ತಾರೆ. ಇದನ್ನು ಪೊಲೀಸರ ದುರ್ವರ್ತನೆಯ ಸುದ್ದಿ ಎಂದು ಯಾರೂ ಎಣಿಸುವುದಿಲ್ಲ, ದಕ್ಷತೆಯ ಸುದ್ದಿ ಎಂದೇ ಎಣಿಕೆ. (ರುಚಿ ಎಂಬ ಪದ ಈ ಸಂದರ್ಭಕ್ಕೆ ಹೇಗೆ ಬಂದಿತೋ, ಭಾಷಾಶಾಸ್ತ್ರಜ್ಞರು ವಿಚಾರಿಸಬೇಕು.)

'ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಪದವೂ ಹಾಗೆಯೇ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ನೂರೈವತ್ತು ವರ್ಷಗಳಿಂದ ನ್ಯಾಯಾಲಯವು ಬಾಗಿಲಲ್ಲೇ ತಡೆಯುತ್ತಿರುವ ಮಾತನ್ನು ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ನಡುಮನೆಗೆ ತಂದು ಕೂರಿಸಿವೆ.

ಇದರ ಪರಿಣಾಮವೇನೆಂಬುದಕ್ಕೆ 2017ರಲ್ಲಿ ದೇಶವೆಲ್ಲ ನೋಡಿದ ಒಂದು ಪ್ರಕರಣವಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಹರಿಯಾಣದ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನೊಬ್ಬನ ಕೊಲೆಯಾಯಿತು. ಶಾಲಾ ಬಸ್ಸಿನ ನಿರ್ವಾಹಕನನ್ನು ಪೊಲೀಸರು ಅಂದೇ ಬಂಧಿಸಿದರು. ಅವನು ವಾಹಿನಿಗಳ ಕ್ಯಾಮೆರಾದ ಮುಂದೆ ತಪ್ಪೊಪ್ಪಿಕೊಂಡನು. ಮಗುವನ್ನು ಕಳೆದುಕೊಂಡ ದುಃಖದಲ್ಲಿದ್ದ ದೇಶ ಅದನ್ನು ನಂಬಿತು, ನಂಬದಿರಲು ಕಾರಣವಾದರೂ ಏನಿತ್ತು? ಬಾಲಕನ ತಂದೆತಾಯಿಗಳು ಆ ತನಿಖೆಯಿಂದ ತೃಪ್ತರಾಗಲಿಲ್ಲ. ತನಿಖೆ ಸಿಬಿಐಗೆ ಹೋಯಿತು. ನವೆಂಬರಿನಲ್ಲಿ ಸಿಬಿಐ ಅದೇ ಶಾಲೆಯ ಹಿರಿಯ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ತೆಗೆದುಕೊಂಡಿತು. ನಿರ್ವಾಹಕನಿಗೆ ಅದೇ ತಿಂಗಳು ಜಾಮೀನು ದೊರೆಯಿತು, 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವನನ್ನು ಆರೋಪದಿಂದ ಮುಕ್ತಗೊಳಿಸಿತು. ತನ್ನನ್ನು ಹಿಂಸಿಸಿ ತಪ್ಪೊಪ್ಪಿಸಲಾಯಿತೆಂದು ಅವನು ಹೇಳಿದನು. ಹಣವಂತರ ಮಕ್ಕಳು ಓದುವ ಶಾಲೆಯಾದುದರಿಂದಲೂ ತಂದೆತಾಯಿಗಳು ಪಟ್ಟುಹಿಡಿದುದರಿಂದಲೂ ಈ ಪ್ರಕರಣದ ಬಲಪುಟವೂ ತುಂಬಿತು. ಖಜಾಂಚಿಯವರು ಅದನ್ನು ಬರೆದ ದಿನ ಕೆಳಗೆ ಕಾವಲುಗಾರನ ಹೆಸರನ್ನೂ ಬರೆದು, ಅವನ ಎದುರಿಗೆ ಪ್ರಭಾವಳಿ ಸಿಕ್ಕ ತಾರೀಖನ್ನು ತಾವೇ ನಮೂದಿಸಿದರು.

ಇಷ್ಟಾದ ಮೇಲೆ ಏಳುವ ಪ್ರಶ್ನೆಯೆಂದರೆ, ಇಂಥ ದುರ್ವರ್ತನೆ ಎಷ್ಟು ಸಾಮಾನ್ಯ? ಟ್ರಸ್ಟಿನ ಒಂದು ಸಭೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ಇಡೀ ಇಲಾಖೆಯೇ ಹಾಗೆ ಎಂದರು. ಮತ್ತೊಬ್ಬರು ಎಲ್ಲ ಕಡೆಯೂ ಒಂದಿಬ್ಬರು ಕೆಟ್ಟವರಿರುತ್ತಾರೆ, ಪತ್ರಿಕೆಯವರು ದೊಡ್ಡದು ಮಾಡುತ್ತಾರೆ ಎಂದರು. ಇಬ್ಬರೂ ಪತ್ರಿಕೆಯನ್ನೇ ಪ್ರಮಾಣವಾಗಿ ಹಿಡಿದಿದ್ದರು ಎಂಬುದು ಸ್ವಾರಸ್ಯ. ಮನಸ್ಸಿಗೆ ಸುಲಭವಾಗಿ ಬರುವ ಉದಾಹರಣೆಯನ್ನೇ ಮನುಷ್ಯನು ಸಾಮಾನ್ಯವೆಂದು ಭಾವಿಸುತ್ತಾನೆಂದು ಟ್ವರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿಯೇ ತೋರಿಸಿದ್ದರು. ವ್ಯಾಪಾರಸ್ಥರಿಗೆ ಇದರ ಅನುಭವ ಬೇರೆ ರೀತಿಯಲ್ಲಿದೆ. ಎಲ್ಲಿಯೋ ಕಲಬೆರಕೆ ಎಣ್ಣೆ ಸಿಕ್ಕಿದ ಸುದ್ದಿ ಬಂದರೆ ಮರುದಿನ ಊರಿನ ಪ್ರತಿಯೊಬ್ಬ ವರ್ತಕನ ಡಬ್ಬದೊಳಗೂ ಗಿರಾಕಿ ಇಣುಕುತ್ತಾನೆ. ಆದರೆ ಲೆಕ್ಕಪರಿಶೋಧಕನು ಅಂಗಡಿಯ ಪ್ರಾಮಾಣಿಕತೆಯನ್ನು ಹರಿದುಹೋದ ಒಂದು ಬಿಲ್ಲಿನಿಂದ ತೀರ್ಮಾನಿಸುವುದಿಲ್ಲ, ಕ್ರಮವಾಗಿ ಆರಿಸಿದ ಬಿಲ್ಲುಗಳನ್ನು ನೋಡುತ್ತಾನೆ. ಪತ್ರಿಕೆ ಆರಿಸಿಕೊಡುವ ಬಿಲ್ಲುಗಳು ಕ್ರಮವಾಗಿ ಆರಿಸಿದವಲ್ಲ.

ಹಾಗಾದರೆ ಕ್ರಮಬದ್ಧವಾದ ಲೆಕ್ಕವೆಲ್ಲಿದೆ? ಇದೆ, ಸಾವಿನದು ಮಾತ್ರ. 1993ರ ಅಕ್ಟೋಬರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಆ ಡಿಸೆಂಬರಿನಲ್ಲಿಯೇ, ಪೊಲೀಸ್ ವಶದಲ್ಲಿ ಯಾರಾದರೂ ಸತ್ತರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ಸೂಚಿಸಿತು. ಆ ಲೆಕ್ಕದ ಪ್ರಕಾರ 2017ರ ಏಪ್ರಿಲ್‌ನಿಂದ 2022ರ ಮಾರ್ಚಿನವರೆಗಿನ ಐದು ವರ್ಷಗಳಲ್ಲಿ ಪೊಲೀಸ್ ವಶದಲ್ಲಿನ ಸಾವುಗಳ 669 ಪ್ರಕರಣಗಳು ದಾಖಲಾದವೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿದೆ. ಇವೆಲ್ಲವೂ ಹೊಡೆತದಿಂದ ಆದ ಸಾವುಗಳಲ್ಲ, ಕಾಯಿಲೆಯಿಂದ ಸತ್ತವರೂ ಆತ್ಮಹತ್ಯೆ ಮಾಡಿಕೊಂಡವರೂ ಇದರಲ್ಲಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಸಂಖ್ಯೆಯಾದರೋ ಇದಕ್ಕಿಂತ ಕಡಮೆ. 2021ನೆಯ ಇಸವಿಗೆ ಅದು ಕೊಟ್ಟದ್ದು 88, ಆಯೋಗದ ಲೆಕ್ಕದಲ್ಲಿ 2021-22ಕ್ಕೆ 175. ಒಂದು ಜನವರಿಯಿಂದ ಎಣಿಸುತ್ತದೆ, ಇನ್ನೊಂದು ಏಪ್ರಿಲ್‌ನಿಂದ. ಆದರೂ ಮೂರು ತಿಂಗಳ ವ್ಯತ್ಯಾಸ ಸಂಖ್ಯೆಯನ್ನು ಇಮ್ಮಡಿ ಮಾಡಲಾರದು. ಒಂದೇ ಸರಕಿಗೆ ಎರಡು ತೂಕ ಬಂದರೆ ತಕ್ಕಡಿಯ ಬಗೆಗೆ ಸಂಶಯ ಹುಟ್ಟುತ್ತದೆ.

ಬ್ಯೂರೋದ ಅಂಕಿಗಳನ್ನೇ ಇಪ್ಪತ್ತು ವರ್ಷಗಳಿಗೆ ಕೂಡಿಸಿದರೆ, 2001ರಿಂದ 2020ರವರೆಗೆ 1,888 ಲಾಕಪ್ ಸಾವುಗಳು. ಪೊಲೀಸರ ಮೇಲೆ ದಾಖಲಾದ ಪ್ರಕರಣಗಳು 893, ದೋಷಾರೋಪಪಟ್ಟಿ ಸಲ್ಲಿಕೆಯಾದದ್ದು 358 ಮಂದಿಯ ಮೇಲೆ, ಶಿಕ್ಷೆಯಾದದ್ದು 26 ಮಂದಿಗೆ. ಈ ಇಪ್ಪತ್ತಾರನ್ನು ನೋಡಿ ಒಬ್ಬನು ದುರ್ವರ್ತನೆ ವಿರಳವೆನ್ನಬಹುದು, ಇನ್ನೊಬ್ಬನು ಶಿಕ್ಷೆ ವಿರಳವೆನ್ನಬಹುದು.

ಸಾಯದವರ ಲೆಕ್ಕ ಎಲ್ಲಿಯೂ ಇಲ್ಲ. ಬಸದಿಯ ಕಾವಲುಗಾರ ಯಾವ ಪಟ್ಟಿಯಲ್ಲಿ ಬರುತ್ತಾನೆ? ಅವನನ್ನು ಬಂಧಿಸಿರಲಿಲ್ಲ, ಆದ್ದರಿಂದ ಬಂಧನದ ದಾಖಲೆಯಿಲ್ಲ. ಅವನು ಸಾಯಲಿಲ್ಲ, ಆದ್ದರಿಂದ ಆಯೋಗಕ್ಕೆ ವರದಿಯಿಲ್ಲ. ದೂರು ಕೊಡಲಿಲ್ಲ, ಏಕೆಂದರೆ ದೂರು ಕೊಡಬೇಕಾದ ಸ್ಥಳ ಅದೇ ಠಾಣೆಯೆಂದು ಅವನು ತಿಳಿದಿದ್ದನು. ಜಿಲ್ಲಾ ಮಟ್ಟದಲ್ಲಿಯೂ ರಾಜ್ಯ ಮಟ್ಟದಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ನಿರ್ದೇಶಿಸಿತು. ಕರ್ನಾಟಕವು 2012ರ ತಿದ್ದುಪಡಿಯಿಂದ ತನ್ನ ಪೊಲೀಸ್ ಕಾಯಿದೆಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿದೆ. ಈ ಲೇಖನವನ್ನು ಓದುತ್ತಿರುವ ಎಷ್ಟು ಮನೆಗಳಲ್ಲಿ ಇದರ ಹೆಸರು ಕೇಳಿದವರಿದ್ದಾರೆ? ವರ್ತಕನು ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಳ್ಳುವಂತಿಲ್ಲ. ಮಾಪನ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕಬೇಕು, ಹಾಕದಿದ್ದರೆ ದಂಡ. ಮೆಣಸಿನಕಾಯಿ ತೂಗುವ ತಕ್ಕಡಿಗೆ ಇರುವಷ್ಟು ಕಟ್ಟುನಿಟ್ಟು ಮನುಷ್ಯರನ್ನು ಕೂಡಿಹಾಕುವ ಕೋಣೆಗೆ ಬೇಡವೆ?

ಒಂದೆರಡು ಕಡೆಯಿಂದ ಮಾತ್ರ ಬೆಳಕು ಬೀಳುತ್ತದೆ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು ತನ್ನ ಮೂರನೆಯ ವರದಿಯಲ್ಲಿ, ನಡೆಯುವ ಬಂಧನಗಳಲ್ಲಿ ಸುಮಾರು ಶೇಕಡಾ 60ರಷ್ಟು ಅನಗತ್ಯ ಅಥವಾ ಸಮರ್ಥನೀಯವಲ್ಲದವು ಎಂದಿತು. ಹೇಳಿದ್ದು ಸರ್ಕಾರವೇ ನೇಮಿಸಿದ ಆಯೋಗ, ಪತ್ರಿಕೆಯಲ್ಲ. ಇನ್ನು ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ಸೇರಿ ಪೊಲೀಸರನ್ನೇ ಮಾತನಾಡಿಸಿ ನಡೆಸಿದ ಸಮೀಕ್ಷೆಗಳಿವೆ. 2025ರ ವರದಿಯಲ್ಲಿ, ಗಂಭೀರ ಅಪರಾಧಗಳ ಆರೋಪಿಗಳ ಮೇಲೆ 'ಥರ್ಡ್ ಡಿಗ್ರಿ' ಪ್ರಯೋಗ ಸಮರ್ಥನೀಯವೆಂದು ಶೇಕಡಾ 30ರಷ್ಟು ಸಿಬ್ಬಂದಿ ಹೇಳಿದರು. ಅಪಾಯಕಾರಿ ಅಪರಾಧಿಗಳನ್ನು ವಿಚಾರಣೆಗೆ ಒಳಪಡಿಸುವುದಕ್ಕಿಂತ ಕೊಲ್ಲುವುದು ಲೇಸೆಂದವರು ಶೇಕಡಾ 22. ಹತ್ತರಲ್ಲಿ ಮೂವರು ಎಂದರೆ 'ಒಂದಿಬ್ಬರು ಕೆಟ್ಟವರು' ಎಂಬ ಮಾತು ನಿಲ್ಲುವುದಿಲ್ಲ. ಉಳಿದ ಏಳು ಮಂದಿ ಹಾಗೆ ಹೇಳಲಿಲ್ಲವಾದುದರಿಂದ 'ಇಡೀ ಇಲಾಖೆ' ಎಂಬ ಮಾತೂ ನಿಲ್ಲುವುದಿಲ್ಲ. ಅದೇ ಸಂಸ್ಥೆಗಳ 2019ರ ವರದಿ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆಂದು ತಿಳಿಸಿತ್ತು. ಹದಿನಾಲ್ಕು ಗಂಟೆ ನಿಂತವನ ಕೈಯಲ್ಲಿ ಲಾಠಿ ಕೊಟ್ಟು, ನಾಳೆಯೊಳಗೆ ಕಳ್ಳನನ್ನು ಹಿಡಿಯೆಂದು ಊರಿನ ಗಣ್ಯರು ಮೇಲಧಿಕಾರಿಗೆ ದೂರವಾಣಿ ಮಾಡುತ್ತಾರೆ. ಆ ಬಸದಿಯ ಕಳವಿನ ಸಂದರ್ಭದಲ್ಲಿಯೂ ಮಾಡಿದ್ದರು. ಟ್ರಸ್ಟಿನ ಮೂವರು ಸದಸ್ಯರು ಬೇರೆ ಬೇರೆಯಾಗಿ, ಒಬ್ಬರು ಶಾಸಕರ ಮೂಲಕ.

ಅದೇ ಠಾಣೆಯಲ್ಲಿ ಒಬ್ಬ ಪೇದೆಯಿದ್ದನು. ಎರಡನೆಯ ರಾತ್ರಿ ಕಾವಲುಗಾರನ ಹೆಂಡತಿಯನ್ನು ಹಿಂಬದಿಯ ಕಿಟಕಿಯ ಬಳಿ ಬರಮಾಡಿ ಗಂಡನ ಮುಖ ತೋರಿಸಿದವನು ಅವನೇ. ಊದಿದ ಕಾಲಿಗೆ ಮುಲಾಮು ತಂದುಕೊಟ್ಟು, ಕುಡಿಯಲು ಮಜ್ಜಿಗೆ ಕೊಟ್ಟವನೂ ಅವನೇ. ಇವನ ವಿಷಯವೂ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಬಂದಿದ್ದರೆ ಅವನ ಕೆಲಸಕ್ಕೆ ಕುತ್ತಾಗುತ್ತಿತ್ತೇನೋ. ಅಂತೂ ಹೊಡೆತವೂ ಮುಲಾಮೂ ಎರಡೂ ಸುದ್ದಿಯ ಹೊರಗೇ ಉಳಿದವು.

ಹಾಗೆಂದು ಪತ್ರಿಕೆಗಳನ್ನು ಹಳಿಯುವುದು ಅನ್ಯಾಯವಾಗುತ್ತದೆ. ಬಿಹಾರದ ಭಾಗಲ್ಪುರದಲ್ಲಿ 1979-80ರಲ್ಲಿ ಪೊಲೀಸರು ಸುಮಾರು ಮೂವತ್ತು ಮಂದಿ ಆರೋಪಿಗಳ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದು ಕುರುಡರನ್ನಾಗಿಸಿದ್ದನ್ನು 1980ರ ನವೆಂಬರಿನಲ್ಲಿ ಬಯಲಿಗೆ ತಂದದ್ದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ. ಬಂಧನದ ಕಾಲದಲ್ಲಿ ಪಾಲಿಸಬೇಕಾದ ಹನ್ನೊಂದು ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ವಿಧಿಸಿದ ಡಿ. ಕೆ. ಬಸು ಪ್ರಕರಣವೂ ಪತ್ರಿಕೆಯಿಂದಲೇ ಹುಟ್ಟಿತು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಬಸು ಅವರು 1986ರ ಆಗಸ್ಟಿನಲ್ಲಿ ಲಾಕಪ್ ಸಾವುಗಳ ಪತ್ರಿಕಾ ವರದಿಗಳತ್ತ ಮುಖ್ಯ ನ್ಯಾಯಮೂರ್ತಿಗಳ ಗಮನ ಸೆಳೆದು ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿತ್ತು. ಬಂಧನದ ಟಿಪ್ಪಣಿಗೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿಯಿರಬೇಕು, ವಶದಲ್ಲಿರುವವರೆಗೆ ನಲವತ್ತೆಂಟು ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು ಎಂಬ ನಿಯಮಗಳು ಅಲ್ಲಿಂದ ಬಂದವು. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಎಷ್ಟು ಮಂದಿ ಸಾಯುತ್ತಾರೆಂಬ ಸರಿಯಾದ ಸರ್ಕಾರಿ ಲೆಕ್ಕವಿಲ್ಲದಿದ್ದಾಗ, 2015ರಿಂದ ಒಂದೊಂದನ್ನೂ ಎಣಿಸತೊಡಗಿದ್ದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ. ವರ್ಷಕ್ಕೆ ಸುಮಾರು ಸಾವಿರವೆಂದು ತಿಳಿಯಿತು, ಸರ್ಕಾರಿ ಸಂಖ್ಯೆಯ ಇಮ್ಮಡಿಗೂ ಹೆಚ್ಚು. ಠಾಣೆಯ ಪ್ರಕಟಣೆಯನ್ನು ನಕಲು ಮಾಡುವುದೂ ಪತ್ರಿಕೆಯೇ, ಠಾಣೆಯೊಳಗೆ ಇಣುಕಿ ಎಣಿಸುವುದೂ ಪತ್ರಿಕೆಯೇ.

2020ರ ಜೂನ್ ತಿಂಗಳಿನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ಪಟ್ಟಣದ ತಂದೆಮಗ ಇಬ್ಬರು ವ್ಯಾಪಾರಿಗಳು, ಲಾಕ್‌ಡೌನಿನ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಆಪಾದನೆಯ ಮೇಲೆ ಬಂಧಿತರಾಗಿ, ಒಂದು ದಿನದ ಅಂತರದಲ್ಲಿ ಸತ್ತರು. ನೆಲದ ಮೇಲೆ ಹೊರಳಾಡಿ ಅವರಿಗೆ ಒಳಗಾಯಗಳಾದವೆಂದು ಪೊಲೀಸರ ಮೊದಲ ದಾಖಲೆ ಹೇಳಿತ್ತು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಠಾಣೆಯ ಸಿಸಿಟಿವಿ ದೃಶ್ಯಗಳು ದಿನದಿನವೂ ತಾವಾಗಿ ಅಳಿಸಿಹೋಗುವಂತೆ ಹೊಂದಿಸಿರುವುದು ಕಂಡಿತು. ರಾತ್ರಿಯೆಲ್ಲ ಹೊಡೆದರೆಂದು ಸತ್ಯ ನುಡಿದವಳು ಅದೇ ಠಾಣೆಯ ಒಬ್ಬ ಮಹಿಳಾ ಮುಖ್ಯಪೇದೆ. ಸಿಬಿಐ ಒಂಬತ್ತು ಪೊಲೀಸರ ಮೇಲೆ ದೋಷಾರೋಪಪಟ್ಟಿ ಸಲ್ಲಿಸಿತು. ಆಗ ತಮಿಳುನಾಡಿನ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಖಜಾಂಚಿಯವರೂ ಆ ಸುದ್ದಿಯನ್ನು ಓದಿ ಎರಡು ದಿನ ಅಸ್ವಸ್ಥರಾಗಿದ್ದರು. ಸತ್ತವರು ತಮ್ಮಂತೆಯೇ ಗಲ್ಲಾ ಮುಂದೆ ಕೂರುವವರು. ಮೂರನೆಯ ದಿನ ಅವರಿಗೆ ಹೊಳೆದದ್ದು ಬೇರೆ. 2016ರಲ್ಲಿ ಕಾವಲುಗಾರನಿಗಾಗಿ ಊರಿನ ಒಂದು ಅಂಗಡಿಯ ಬಾಗಿಲೂ ಅರ್ಧ ಗಂಟೆ ಮುಚ್ಚಿರಲಿಲ್ಲ.

ಭಾಗಲ್ಪುರದ ಕಥೆಯಲ್ಲಿ ಕಡಮೆ ನೆನಪಿಡುವ ಒಂದು ಭಾಗವಿದೆ. ಪೊಲೀಸರ ಮೇಲೆ ಕ್ರಮ ಕೈಗೊಂಡಾಗ ಊರಿನ ಜನ ಬೀದಿಗಿಳಿದದ್ದು ಪೊಲೀಸರ ಪರವಾಗಿ. 2019ರ ಡಿಸೆಂಬರ್ 6ರಂದು, ಯುವ ಪಶುವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದರೆಂಬ ಆರೋಪದ ನಾಲ್ವರು ಹೈದರಾಬಾದಿನ ಹತ್ತಿರ ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂವಿನ ದಳಗಳನ್ನು ಸುರಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್ಪೂರ್ಕರ್ ಆಯೋಗದ ವರದಿ 2022ರ ಮೇ ತಿಂಗಳಿನಲ್ಲಿ ಬಹಿರಂಗವಾಯಿತು. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದೂ ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರಾಗಿದ್ದರೆಂದೂ ಅದು ಅಭಿಪ್ರಾಯಪಟ್ಟಿತು. ವಿಷಯ ಅನಂತರ ತೆಲಂಗಾಣದ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು. ಹೂ ಸುರಿದ ದಿನ ಮುಖಪುಟದಲ್ಲಿ ಓದಿದ ಎಷ್ಟು ಮಂದಿ ಆಯೋಗದ ವರದಿಯನ್ನು ಒಳಪುಟದಲ್ಲಿ ಓದಿದರೋ ಹೇಳುವುದು ಕಷ್ಟ. ಖಜಾಂಚಿಯವರ ಮನೆಯಲ್ಲಿಯೂ ಆ ಡಿಸೆಂಬರಿನ ಬೆಳಗ್ಗೆ ಸಂತೋಷವೇ ಇತ್ತು. ಸೊಸೆ ಸಿಹಿ ಮಾಡಿದಳು. ಅವರು ತಿಂದರು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆಂಬುದು ಪಾಠಶಾಲೆಗೆ ಹೋದ ಮಕ್ಕಳಿಗೂ ಗೊತ್ತು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಊನಗೊಳಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನನೀರು ತಪ್ಪಿಸುವುದು. ಎತ್ತು ಹಸುಗಳನ್ನು ಸಾಕುವ ಗೃಹಸ್ಥರನ್ನು ಕುರಿತು ಇದನ್ನು ವಿವರಿಸುವುದು ರೂಢಿ. ಆದರೆ ಇದನ್ನು ಓದಿದ ಯಾವ ನ್ಯಾಯವಾದಿಗೂ ಲಾಕಪ್ಪಿನ ದೋಷಾರೋಪಪಟ್ಟಿ ನೆನಪಾಗದೆ ಇರದು. ಖಜಾಂಚಿಯವರನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಂಗಡಣೆ. ಕೃತ, ಕಾರಿತ, ಅನುಮೋದಿತವೆಂದು ಕರ್ಮದ ಆಸ್ರವಕ್ಕೆ ಮೂರು ದಾರಿಗಳು: ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಅಂಗಾಲಿಗೆ ಹೊಡೆದವನು ಯಾರೋ ಪೇದೆ. ಬೇಗ ಹಿಡಿಯಿರಿ ಎಂದು ದೂರವಾಣಿ ಮಾಡಿದವರು, ಗೆರೆ ಬಿದ್ದುದನ್ನು ನೋಡಿ ಸುಮ್ಮನಿದ್ದವರು ಯಾರು? 'ಲಾಠಿ ರುಚಿ' ಎಂದು ಓದಿ ನಕ್ಕವರು, ಸಿಹಿ ತಿಂದವರು ಯಾರು? ಪ್ರತಿಕ್ರಮಣಕ್ಕೆ ಕುಳಿತಾಗ ಈ ಲೆಕ್ಕ ಅವರಿಗೆ ತಾಳೆಯಾಗಲಿಲ್ಲ.

ಪೊಲೀಸರು ಪತ್ರಿಕಾಗೋಷ್ಠಿಗಳಲ್ಲಿ ಏನು ಹೇಳಬಹುದು, ಏನು ಹೇಳಕೂಡದು ಎಂಬುದಕ್ಕೆ ಮಾರ್ಗಸೂಚಿ ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಇಲಾಖೆಗೆ ಹೇಳಿತು. ಠಾಣೆಗಳಲ್ಲಿ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು ಅದು 2020ರ ಡಿಸೆಂಬರಿನಲ್ಲಿಯೇ ಆದೇಶಿಸಿತ್ತು. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದ ಲಾಕಪ್ ಸಾವುಗಳ ಕುರಿತು ಒಂದು ಹಿಂದಿ ದೈನಿಕದಲ್ಲಿ ಬಂದ ವರದಿಯನ್ನು ನೋಡಿ, ಕ್ಯಾಮೆರಾಗಳು ಎಲ್ಲಿವೆಯೆಂದು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು.

ಟ್ರಸ್ಟಿನಲ್ಲಿ ಬದಲಾದದ್ದು ಅಲ್ಪ. ಕೆಲಸಗಾರರಾರನ್ನಾದರೂ ಠಾಣೆಗೆ ಕರೆಸಿದರೆ ಟ್ರಸ್ಟಿನ ಒಬ್ಬ ಸದಸ್ಯ ಒಬ್ಬ ವಕೀಲರನ್ನು ಕರೆದುಕೊಂಡು ಜೊತೆಗೆ ಹೋಗಬೇಕೆಂಬ ಠರಾವು, ಬಹಳ ಚರ್ಚೆಯ ಅನಂತರ, ಇಬ್ಬರ ವಿರೋಧದೊಡನೆ ಅಂಗೀಕಾರವಾಯಿತು. ಕಾವಲುಗಾರನಿಗೆ ಕೆಲಸ ಮುಂದುವರಿಸಿ ಎಂದರು, ಅವನು ಬರಲಿಲ್ಲ. ಹೊಲದ ಕೂಲಿಗೆ ಹೋಗುತ್ತಾನೆ. ಮಗಳ ಮದುವೆಯ ಮಾತುಕತೆಯಲ್ಲಿ ಬೀಗರಾಗಬೇಕಾಗಿದ್ದವರು ಹಳೆಯ ಪತ್ರಿಕೆಯ ತುಂಡನ್ನು ತೆಗೆದು ತೋರಿಸಿದರೆಂದು ತಿಳಿದಾಗ ಖಜಾಂಚಿಯವರು ತಾವೇ ಆ ಊರಿಗೆ ಹೋಗಿ ನಡೆದದ್ದನ್ನು ಹೇಳಿ ಬಂದರು. ಮದುವೆ ಬೇರೆ ಕಡೆ ಆಯಿತು.

2023ರ ದೀಪಾವಳಿಗೆ ಎರಡು ವಾರ ಮೊದಲು ಖಜಾಂಚಿಯವರ ಸ್ವಂತ ಅಂಗಡಿಯ ಗಲ್ಲೆಯಲ್ಲಿ ನಲವತ್ತೆರಡು ಸಾವಿರ ರೂಪಾಯಿ ಕಡಮೆ ಬಂದಿತು. ಮೂವರು ಆಳುಗಳು, ಒಬ್ಬ ಹೊಸಬ. ಮಗ ತಂದೆಯನ್ನು ಠಾಣೆಗೆ ಕರೆದುಕೊಂಡು ಹೋದನು. ಅಧಿಕಾರಿ ಬೇರೆಯವರು, ಮೇಜು ಅದೇ. ದೂರು ಬರೆದಾದ ಮೇಲೆ ಅವರೂ ಕೇಳಿದರು.

"ಯಾರ ಮ್ಯಾಲರ ಅನುಮಾನ ಐತೇನ್ರಿ, ಸಾವುಕಾರ್ರ?"

"ಇಲ್ರಿ."

"ಹೊಸಾ ಹುಡುಗ ಯಾರೋ ಅದಾನಂತಲ್ಲ?"

"ಅದಾನ್ರಿ. ಆದ್ರ ನಾ ನೋಡಿಲ್ಲ. ನೋಡಿದ್ದಷ್ಟ ಬರೀರಿ."

ಅಧಿಕಾರಿ ನಕ್ಕು, ಅನುಮಾನದ ಅಂಕಣದಲ್ಲಿ ಇಲ್ಲವೆಂದು ಬರೆದು ಸಹ ಮಾಡಿಸಿಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಮಗ ಮಾತನಾಡಲಿಲ್ಲ. ಹಣ ಸಿಕ್ಕಲಿಲ್ಲ. ಹೊಸ ಹುಡುಗ ಇನ್ನೂ ಅಂಗಡಿಯಲ್ಲಿದ್ದಾನೆ, ಅವನೇ ತೆಗೆದನೋ ಇಲ್ಲವೋ ತಿಳಿಯದು. ದೀಪಾವಳಿಯಂದು ಹೊಸ ಪುಸ್ತಕದ ಪೂಜೆಗೆ ಮೊದಲು ಖಜಾಂಚಿಯವರು ಹಳೆಯ ಪುಸ್ತಕವನ್ನು ತೆರೆದು ಆ ನಲವತ್ತೆರಡು ಸಾವಿರವನ್ನು ನಷ್ಟದ ಖಾತೆಗೆ ಬರೆದರು.